ಕಂಪ್ಯೂಟರಿಗೆ ನೀರಿನ ಕೂಲಿಂಗ್: ಮೊದಲು ನೀರು ಹೊರಹೋಗುವ ದಾರಿ ನೋಡಿ

ಮನೆಯಲ್ಲೇ ಜೋಡಿಸಿದ ಪಿಸಿಗೆ ಕಸ್ಟಮ್ ವಾಟರ್ ಲೂಪ್ ಹಾಕಬೇಕು ಅನ್ನುವವರು ಸಾಮಾನ್ಯವಾಗಿ ಟ್ಯೂಬಿನ ಬಣ್ಣದಿಂದ ಶುರುಮಾಡುತ್ತಾರೆ. ನನ್ನ ಸಲಹೆ ಇದಕ್ಕೆ ತದ್ವಿರುದ್ಧ. ತುಂಬಿದ ನೀರನ್ನು ಒಂದು ದಿನ ಹೊರತೆಗೆಯಲೇಬೇಕು. ರ‍್ಯಾಮ್ ಬದಲಿಸುವಾಗಲೋ, ಗ್ರಾಫಿಕ್ಸ್ ಕಾರ್ಡ್ ಮಾರುವಾಗಲೋ, ವರ್ಷಕ್ಕೊಮ್ಮೆ ಕೂಲಂಟ್ ಬದಲಿಸುವಾಗಲೋ ಆ ದಿನ ಬಂದೇ ಬರುತ್ತದೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಯೋಜನೆ ಹಾಕಿದರೆ ಉಳಿದ ತೀರ್ಮಾನಗಳು ಸಲೀಸು. ಉದಾಹರಣೆಗೆ ರೈಜನ್ 7 7800ಎಕ್ಸ್3ಡಿ ಪ್ರೊಸೆಸರ್ ಮತ್ತು ಆರ್‌ಟಿಎಕ್ಸ್ 4080 ಕಾರ್ಡ್ ಇರುವ ಒಂದು ಗೇಮಿಂಗ್ ಪಿಸಿಯನ್ನು ತೆಗೆದುಕೊಳ್ಳೋಣ.

ಹಂತ 1: ನಿಜವಾಗಿ ಬೇಕೇ?

ಪ್ರೊಸೆಸರ್ ಒಂದಕ್ಕೇ ಆದರೆ ಬೇಡ. 7800ಎಕ್ಸ್3ಡಿಯ ಬಿಸಿ ಹುಟ್ಟುವುದು ಬಹಳ ಚಿಕ್ಕ ಚಿಪ್ಪಿನಲ್ಲಿ. ಅಲ್ಲಿಂದ ಮೇಲಿನ ಲೋಹದ ಮುಚ್ಚಳಕ್ಕೆ ಬಿಸಿ ದಾಟುವುದೇ ನಿಧಾನ, ಹಾಗಾಗಿ ಮುಚ್ಚಳದ ಮೇಲೆ ಎಂಥ ದುಬಾರಿ ಬ್ಲಾಕ್ (ಒಳಗೆ ನೀರು ಹರಿದು ಬಿಸಿ ಹೀರುವ ಲೋಹದ ತುಂಡು) ಕೂರಿಸಿದರೂ ಲಾಭ ಕೆಲವೇ ಡಿಗ್ರಿ. ಒಳ್ಳೆಯ ಏರ್ ಕೂಲರ್ ಅದಕ್ಕೆ ಸಾಕು. ಲೂಪಿನ ಬೆಲೆ ತಿಳಿಯುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ. ಅಲ್ಲಿ ಚಿಪ್ ದೊಡ್ಡದು, ಮುಚ್ಚಳವಿಲ್ಲದೆ ನೇರವಾಗಿ ಬ್ಲಾಕಿಗೆ ತಾಗುತ್ತದೆ. ಬಿಸಿಯೂ ಸದ್ದೂ ಎರಡೂ ಎದ್ದು ಕಾಣುವಷ್ಟು ಇಳಿಯುತ್ತವೆ. ಕಾರ್ಡನ್ನು ಲೂಪಿಗೆ ಸೇರಿಸುವ ಮನಸ್ಸಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ, ದುಡ್ಡು ಉಳಿಯಲಿ.

ಹಂತ 2: ಶಾಖದ ಲೆಕ್ಕ

ಪ್ರೊಸೆಸರಿಗೆ ಕಂಪನಿ ನಮೂದಿಸಿರುವುದು 120 ವ್ಯಾಟ್, ಕಾರ್ಡಿಗೆ 320 ವ್ಯಾಟ್; ಒಟ್ಟು 440. ಫ್ಯಾನುಗಳು ಸದ್ದು ಮಾಡದ ವೇಗದಲ್ಲಿ ತಿರುಗುವಾಗ, ರೇಡಿಯೇಟರಿನ ಪ್ರತಿ 120 ಮಿ.ಮೀ. ಭಾಗ ಸುಮಾರು 100 ವ್ಯಾಟ್ ಶಾಖವನ್ನು ಹೊರಹಾಕುತ್ತದೆ, ನೀರು ಕೋಣೆಗಿಂತ 10 ಡಿಗ್ರಿಯಷ್ಟು ಬಿಸಿಯಾಗಿರುತ್ತದೆ ಅನ್ನುವುದು ರೂಢಿಯ ಅಂದಾಜು. ಅಂದರೆ ನಮಗೆ ಐದು ಭಾಗ ಬೇಕು: ಒಂದು 360, ಒಂದು 240 ಮಿ.ಮೀ. ರೇಡಿಯೇಟರ್.

ಇಲ್ಲಿ ನಮ್ಮ ಹವೆಯ ಮಾತು ಬರುತ್ತದೆ. ನೀರು ಎಷ್ಟೇ ಹರಿದರೂ ಕೋಣೆಯ ಗಾಳಿಗಿಂತ ತಂಪಾಗದು. ಬೆಂಗಳೂರಿನ 28 ಡಿಗ್ರಿ ಕೋಣೆಯಲ್ಲಿ ನೀರು 38ಕ್ಕೆ ನಿಂತರೆ, ಮೇ ತಿಂಗಳ ಕಲಬುರಗಿಯಲ್ಲಿ ಎಸಿ ಇಲ್ಲದ 40 ಡಿಗ್ರಿ ಕೋಣೆಯಲ್ಲಿ ಅದೇ ಲೂಪ್ 50 ತೋರಿಸುತ್ತದೆ. ಅನೇಕ ಪಂಪುಗಳ ಮಿತಿ 60 ಡಿಗ್ರಿ. ಬಿಸಿಲ ಸೀಮೆಯವರು ಎರಡು 360 ಹಾಕುವುದೇ ವಾಸಿ. ಮಂಗಳೂರಿನ ಕಡೆಯವರು ಕೇಳುವ ಪ್ರಶ್ನೆ ಬೇರೆ: ಈ ತೇವದಲ್ಲಿ ಬೋರ್ಡಿನ ಮೇಲೆ ನೀರು ಬೆವರುವುದಿಲ್ಲವೇ? ಇಲ್ಲ. ಲೂಪಿನ ಯಾವ ಭಾಗವೂ ಸುತ್ತಲ ಗಾಳಿಗಿಂತ ತಣ್ಣಗಾಗದು, ಹಾಗಾಗಿ ತೇವ ಹನಿಗಟ್ಟುವುದಿಲ್ಲ.

ಹಂತ 3: ಕ್ಯಾಬಿನೆಟ್ ಮತ್ತು ರೇಡಿಯೇಟರ್

ಕ್ಯಾಬಿನೆಟ್ಟಿನ ವಿವರಪಟ್ಟಿಯಲ್ಲಿ "360 ಹಿಡಿಯುತ್ತದೆ" ಅಂತ ಇದ್ದರೆ ಸಾಲದು, ದಪ್ಪ ನೋಡಬೇಕು. ತೆಳು ರೇಡಿಯೇಟರ್ ಸುಮಾರು 30 ಮಿ.ಮೀ., ಅದಕ್ಕೆ ಫ್ಯಾನಿನ 25 ಸೇರಿ 55. ಮೇಲ್ಭಾಗದಲ್ಲಿ ಹಾಕಿದರೆ ಈ 55 ಮಿ.ಮೀ. ಬೋರ್ಡಿನ ಹೀಟ್‌ಸಿಂಕಿಗೋ ರ‍್ಯಾಮಿಗೋ ತಾಗುತ್ತದೆಯೇ ಅಂತ ಟೇಪು ಹಿಡಿದು ಅಳೆಯಿರಿ. ಲಿಯಾನ್ ಲಿಯ ಓ11 ಡೈನಾಮಿಕ್ ಈ ಹವ್ಯಾಸದಲ್ಲಿ ಅಷ್ಟು ಹೆಸರಾದದ್ದು ಮೇಲೆ, ಕೆಳಗೆ, ಪಕ್ಕದಲ್ಲಿ ಮೂರೂ ಕಡೆ 360 ಹಿಡಿಯುವುದರಿಂದ.

ರೇಡಿಯೇಟರ್ ತಾಮ್ರ ಅಥವಾ ಹಿತ್ತಾಳೆಯದೇ ಇರಲಿ. ಅಗ್ಗದ ಅಲ್ಯೂಮಿನಿಯಂ ರೇಡಿಯೇಟರನ್ನು ತಾಮ್ರದ ಬ್ಲಾಕಿನ ಜೊತೆ ಒಂದೇ ನೀರಿನಲ್ಲಿ ಸೇರಿಸಿದರೆ ಬ್ಯಾಟರಿಯ ಒಳಗೆ ನಡೆಯುವ ಕ್ರಿಯೆಯೇ ಅಲ್ಲೂ ನಡೆದು ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ಕೂಲಂಟಿನಲ್ಲಿರುವ ರಕ್ಷಕ ರಾಸಾಯನಿಕ ಅದನ್ನು ತಡಮಾಡೀತು, ತಪ್ಪಿಸದು.

ಹಂತ 4: ಬ್ಲಾಕ್

ಪ್ರೊಸೆಸರ್ ಬ್ಲಾಕಿಗೆ ಸಾಕೆಟ್ ಹೊಂದಿದರೆ ಆಯಿತು, ಇಲ್ಲಿ ಎಎಂ5. ಗ್ರಾಫಿಕ್ಸ್ ಬ್ಲಾಕ್ ಅಷ್ಟು ಸುಲಭವಲ್ಲ. 4080 ಅನ್ನುವುದು ಚಿಪ್ಪಿನ ಹೆಸರು ಮಾತ್ರ. ಒಂದೊಂದು ಕಂಪನಿಯ ಕಾರ್ಡಿನಲ್ಲಿ ಬೋರ್ಡಿನ ವಿನ್ಯಾಸವೇ ಬೇರೆ, ತೂತುಗಳ ಜಾಗವೂ ಬೇರೆ. ಮೊದಲು ಬ್ಲಾಕ್ ಸಿಗುತ್ತದೆಯೇ ನೋಡಿ, ಆಮೇಲೆ ಕಾರ್ಡ್ ಕೊಳ್ಳಿ. ಕೂಲರ್ ಬಿಚ್ಚಿದರೆ ವಾರಂಟಿ ಉಳಿಯುತ್ತದೆಯೇ ಅನ್ನುವುದನ್ನೂ ಆಗಲೇ ಬರಹದಲ್ಲಿ ಕೇಳಿಟ್ಟುಕೊಳ್ಳಿ.

ಹಂತ 5: ಪಂಪ್

ಡಿ5 ಮಾದರಿಯ ಪಂಪ್ ಕೊಳ್ಳಿ. ಸದ್ದು ಕಡಿಮೆ, ಬಾಳಿಕೆ ಹೆಚ್ಚು. ನೀರು ತುಂಬುವ ತೊಟ್ಟಿಯಾದ ರಿಸರ್ವಾಯರಿನ ಜೊತೆ ಒಂದೇ ತುಂಡಾಗಿ ಬರುವುದನ್ನು ಆರಿಸಿದರೆ ನೀರು ಸದಾ ಮೇಲಿಂದ ಪಂಪಿಗೆ ಇಳಿಯುತ್ತದೆ. ಪಂಪಿಗೆ ಒಳಗಿನ ನೀರೇ ಎಣ್ಣೆ, ಒಣಗಿ ತಿರುಗಿದರೆ ಕೆಟ್ಟಿತು. ವಿದ್ಯುತ್ತನ್ನು ಪವರ್ ಸಪ್ಲೈನ ಸಾಟಾ ವೈರಿನಿಂದಲೇ ಕೊಡಿ, ಮದರ್‌ಬೋರ್ಡಿಗೆ ವೇಗದ ವೈರ್ ಮಾತ್ರ.

ಹಂತ 6: ಕಾಗದದ ಮೇಲೆ ದಾರಿ

ಈಗ ಪೆನ್ಸಿಲ್ ಹಿಡಿಯಿರಿ. ನೀರು ಮೊದಲು ಪ್ರೊಸೆಸರಿಗೋ ಕಾರ್ಡಿಗೋ ಅನ್ನುವ ತಕರಾರಿಗೆ ಅರ್ಥವಿಲ್ಲ. ನಿಮಿಷಕ್ಕೆ ಒಂದು ಲೀಟರಿನಂತೆ ಹರಿಯುವ ನೀರು ಒಂದು ಡಿಗ್ರಿ ಏರಲು ಸುಮಾರು 70 ವ್ಯಾಟ್ ಬೇಕು. ನಿಮ್ಮ ಲೂಪಿನಲ್ಲಿ ನಿಮಿಷಕ್ಕೆ 3 ಲೀಟರ್ ಹರಿದರೆ ಪೂರ್ತಿ 440 ವ್ಯಾಟ್ ಸೇರಿದರೂ ಲೂಪಿನ ಅತಿ ಬಿಸಿ ಮತ್ತು ಅತಿ ತಂಪು ಜಾಗಗಳ ಅಂತರ ಎರಡು ಡಿಗ್ರಿ ಮಾತ್ರ. ಟ್ಯೂಬ್ ಹತ್ತಿರವಾಗುವ ದಾರಿಯನ್ನೇ ಆರಿಸಿ.

ಅರ್ಥವಿರುವುದು ಬೇರೆ ಎರಡು ವಿಷಯಗಳಿಗೆ. ಇಡೀ ಲೂಪಿನ ಅತಿ ತಗ್ಗಿನ ಬಿಂದು ಯಾವುದು ಎಂದು ಗುರುತು ಹಾಕಿ. ಅಲ್ಲಿ ಒಂದು ಟಿ ಫಿಟಿಂಗ್, ಅದಕ್ಕೊಂದು ಬಾಲ್ ವಾಲ್ವ್, ಕೊನೆಗೆ ಮುಚ್ಚುವ ಪ್ಲಗ್. ವಾಲ್ವಿನ ಹಿಡಿ ತಿರುಗಲು ಜಾಗ ಇದೆಯೇ, ಅದಕ್ಕೆ ಸಿಕ್ಕಿಸಿದ ಟ್ಯೂಬು ಕ್ಯಾಬಿನೆಟ್ಟಿನಿಂದ ಹೊರಬಂದು ಬಕೆಟ್ ಮುಟ್ಟುತ್ತದೆಯೇ ಅಂತ ಯೋಚಿಸಿ. ಎರಡನೆಯದು, ಅತಿ ಎತ್ತರದ ಬಿಂದು. ವಾಲ್ವ್ ತೆರೆದಾಗ ಮೇಲಿನಿಂದ ಗಾಳಿ ಒಳಬರದಿದ್ದರೆ ನೀರು ಇಳಿಯದು. ರಿಸರ್ವಾಯರಿನ ಮುಚ್ಚಳಕ್ಕೆ ಕೈ ಎಟುಕಬೇಕು.

ರೇಡಿಯೇಟರನ್ನು ನಿಲ್ಲಿಸಿ ಹಾಕುವುದಾದರೆ ಅದರ ಬಾಯಿಗಳು ಮೇಲಿದ್ದಾಗ ಗಾಳಿ ಬೇಗ ಹೊರಡುತ್ತದೆ, ಕೆಳಗಿದ್ದಾಗ ನೀರು ಪೂರ್ತಿ ಬರಿದಾಗುತ್ತದೆ. ನಾನಾದರೆ ಕೆಳಗಿಡುವೆ.

ಹಂತ 7: ಟ್ಯೂಬ್ ಮತ್ತು ಫಿಟಿಂಗ್

ಮೊದಲ ಲೂಪಿಗೆ ಮೆತ್ತನೆಯ ಟ್ಯೂಬೇ ಸರಿ. ಗಾಜಿನಂತೆ ಹೊಳೆಯುವ ಗಟ್ಟಿ ಪಿಇಟಿಜಿ ಟ್ಯೂಬು ಚಿತ್ರದಲ್ಲಿ ಚಂದ, ಆದರೆ ಬಿಸಿನೀರಿಗೆ ಬೇಗ ಮೆತ್ತಗಾಗುತ್ತದೆ. ಬೇಸಿಗೆಯ 50 ಡಿಗ್ರಿ ನೀರನ್ನು ಅದರ ಭರವಸೆಯ ಮೇಲೆ ಬಿಡಲಾರೆ. ಪಾರದರ್ಶಕ ಪಿವಿಸಿ ಟ್ಯೂಬು ತನ್ನ ಮೆದುಕಾರಕವನ್ನು ನಿಧಾನವಾಗಿ ನೀರಿಗೆ ಬಿಟ್ಟು ಮಬ್ಬಾಗುತ್ತದೆ, ಆ ಜಿಡ್ಡು ಬ್ಲಾಕಿನ ಸೂಕ್ಷ್ಮ ಸಂದುಗಳಲ್ಲಿ ಕೂರುತ್ತದೆ. ಕಪ್ಪು ಇಪಿಡಿಎಂ ರಬ್ಬರಿಗೆ ಈ ರೋಗವಿಲ್ಲ.

ಎಲ್ಲ ಭಾಗಗಳ ಬಾಯಿಯೂ ಜಿ1/4 ಅಳತೆಯ ಥ್ರೆಡ್ಡೇ, ಅಲ್ಲಿ ಗೊಂದಲವಿಲ್ಲ. ಗೊಂದಲ ಟ್ಯೂಬಿನ ಕಡೆ. 10/16 ಅಂದರೆ ಒಳಗೆ 10, ಹೊರಗೆ 16 ಮಿ.ಮೀ.; ಫಿಟಿಂಗ್ ಕೂಡ 10/16 ಇರಬೇಕು, 10/13ರದ್ದು ಹಿಡಿಯದು. ನಮ್ಮ ಲೂಪಿನಲ್ಲಿ ಐದು ಭಾಗ: ಪಂಪ್, ಎರಡು ಬ್ಲಾಕ್, ಎರಡು ರೇಡಿಯೇಟರ್. ಹಾಗಾಗಿ ಐದು ತುಂಡು ಟ್ಯೂಬ್, ಹತ್ತು ಫಿಟಿಂಗ್. ಡ್ರೈನಿನ ಸಾಮಾನು ಬೇರೆ. ಟಿ ಕೂರುವುದು ಟ್ಯೂಬಿನ ಮಧ್ಯದಲ್ಲಾದರೆ ಇನ್ನೆರಡು ಫಿಟಿಂಗ್ ಸೇರಿಸಿ. 90 ಡಿಗ್ರಿ ತಿರುವು ಒಂದೆರಡು ಹೆಚ್ಚಿಗೇ ಇರಲಿ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಪಿಸಿಯ ಉಳಿದ ಭಾಗಗಳು ಸಿಕ್ಕಾವು, ಇವನ್ನು ಬಹುಮಟ್ಟಿಗೆ ಆನ್‌ಲೈನಿನಲ್ಲೇ ತರಿಸಬೇಕು. ಒಂದು ಫಿಟಿಂಗ್ ಕಡಿಮೆ ಬಿದ್ದರೆ ವಾರ ಹೋಯಿತು.

ಹಂತ 8: ಯಾವ ನೀರು?

ನಲ್ಲಿಯದ್ದಲ್ಲ, ಬೋರ್‌ವೆಲ್ಲಿನದಂತೂ ಅಲ್ಲವೇ ಅಲ್ಲ. ಆರ್‌ಒ ನೀರಿನಲ್ಲೂ ಲವಣ ಉಳಿದಿರುತ್ತದೆ. ಲೂಪಿಗೆಂದೇ ಬೆರೆಸಿ ಮಾರುವ ಪಾರದರ್ಶಕ ಕೂಲಂಟ್ ಒಂದು ಲೀಟರ್ ತಂದರೆ ತುಕ್ಕು, ಪಾಚಿ ಎರಡಕ್ಕೂ ಮದ್ದು ಅದರಲ್ಲೇ ಇರುತ್ತದೆ. ಹಾಲಿನಂಥ ಬಣ್ಣದ ಕೂಲಂಟಿನಲ್ಲಿ ತೇಲುವ ಕಣಗಳು ತಳ ಹಿಡಿಯುತ್ತವೆ, ಬೇಡ. ಹೊಸ ರೇಡಿಯೇಟರನ್ನು ಬಿಸಿ ಮಾಡಿದ ಡಿಸ್ಟಿಲ್ಡ್ ನೀರು ಹಾಕಿ ಕುಲುಕಿ, ಬೆಸುಗೆಯ ಚೂರು ಬರುವುದು ನಿಲ್ಲುವವರೆಗೆ ತೊಳೆಯಿರಿ.

ಹಂತ 9: ತುಂಬುವ ಮೊದಲು

ಕೈಪಂಪಿನ ಲೀಕ್ ಟೆಸ್ಟರ್ ಕೊಂಡುಕೊಳ್ಳಿ. ಲೂಪಿಗೆ ಗಾಳಿ ತುಂಬಿ, ತಯಾರಕರು ಹೇಳಿದ ಒತ್ತಡ ಮೀರದೆ, ಮುಳ್ಳು ಅರ್ಧ ಗಂಟೆ ಅಲ್ಲಾಡದೆ ನಿಂತರೆ ಮಾತ್ರ ನೀರು. ಮುಳ್ಳು ಇಳಿದರೆ ಮೊದಲು ಫಿಟಿಂಗುಗಳ ಓ-ರಿಂಗ್ ನೋಡಿ. ಕೈಯಲ್ಲಿ ಬಿಗಿ ಮಾಡಿದರೆ ಸಾಕು, ಸ್ಪ್ಯಾನರ್ ಹಾಕಿದರೆ ಬ್ಲಾಕ್, ರಿಸರ್ವಾಯರುಗಳ ಅಕ್ರಿಲಿಕ್ ಸೀಳುತ್ತದೆ.

ತುಂಬುವಾಗ ಪಂಪಿಗೆ ಬಿಟ್ಟು ಬೇರೆ ಯಾವ ಭಾಗಕ್ಕೂ ಕರೆಂಟ್ ಇರಬಾರದು. ಪವರ್ ಸಪ್ಲೈನ 24 ಪಿನ್ನಿನ ತುದಿಗೆ ಜಂಪರ್ ಸಿಕ್ಕಿಸಿ, ರಿಸರ್ವಾಯರ್ ತುಂಬಿ, ಒಂದೆರಡು ಸೆಕೆಂಡ್ ಪಂಪ್ ಓಡಿಸಿ ನಿಲ್ಲಿಸಿ, ಮತ್ತೆ ತುಂಬಿ. ಕ್ಯಾಬಿನೆಟ್ಟನ್ನು ಆಚೀಚೆ ವಾಲಿಸಿದರೆ ಸಿಕ್ಕಿಕೊಂಡ ಗುಳ್ಳೆ ಮೇಲೆ ಬರುತ್ತದೆ. ಪ್ರತಿ ಫಿಟಿಂಗಿನ ಕೆಳಗೂ ಟಿಶ್ಯೂ ಹಾಕಿ ಒಂದು ರಾತ್ರಿ ಪಂಪ್ ಓಡಲಿ. ಬೆಳಿಗ್ಗೆ ಟಿಶ್ಯೂ ಒಣಗಿದ್ದರೆ ಜಂಪರ್ ತೆಗೆದು ಉಳಿದ ವೈರುಗಳನ್ನು ಜೋಡಿಸಿ.