ಹಸಿ ಅಡಿಕೆ ತೂಕ, ಒಣ ಅಡಿಕೆ ರೇಟು

2024ರ ಆಷಾಢ. ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಮನೆಯಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಕರೆಂಟ್ ಹೋಯಿತು. ಎಲ್ಲೋ ಮರ ಲೈನಿನ ಮೇಲೆ ಬಿದ್ದಿರಬೇಕು. ಮಲೆನಾಡಿನ ಮಳೆಗಾಲದಲ್ಲಿ ಅದು ಸುದ್ದಿಯೇ ಅಲ್ಲ. ಬೆಂಗಳೂರಿನ ಕಂಪನಿ ಕೆಲಸವನ್ನು ಊರಿನಿಂದಲೇ ಮಾಡುತ್ತಿದ್ದ ಮಗಳು ಕೋಣೆಯಿಂದಲೇ ಕೂಗಿದಳು: “ಅಪ್ಪಾ, ಹತ್ತಕ್ಕೆ ಮೀಟಿಂಗ್ ಇದೆ.”

ಈ ಅಂಕಣಕಾರ ಅದಕ್ಕೇ ಕಾದು ಕೂತವನಂತೆ ಎದ್ದ. ಹಳೇ ಯುಪಿಎಸ್‌ನ ಬ್ಯಾಟರಿ ಬೇಸಿಗೆಯಲ್ಲೇ ಕೈಕೊಟ್ಟಿತ್ತು. ಆರು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕುವ ರಗಳೆ ಇನ್ನು ಸಾಕು ಎಂದು ಆತ 13,500 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ಒಂದು ಪುಟ್ಟ ‘ಪೋರ್ಟಬಲ್ ಪವರ್ ಸ್ಟೇಷನ್’ ತರಿಸಿದ್ದ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ 42,000 ಎಂಎಎಚ್ ಎಂದಿತ್ತು. ಮೊಬೈಲಿನ ಬ್ಯಾಟರಿ 5,000 ಎಂಎಎಚ್ ಆದರೆ ಇದು ಎಂಟು ಪಟ್ಟಿಗಿಂತ ದೊಡ್ಡದು, ದಿನಪೂರ್ತಿ ಬಂದೀತು ಎಂಬುದು ಆತನ ಲೆಕ್ಕ. ಲ್ಯಾಪ್‌ಟಾಪ್, ಮಾನಿಟರ್, ವೈಫೈ ರೂಟರ್ ಮೂರನ್ನೂ ಸಿಕ್ಕಿಸಿದ. ಹತ್ತೂಕಾಲಿಗೆ, ಮೀಟಿಂಗಿನ ನಟ್ಟನಡುವೆ, ಪೆಟ್ಟಿಗೆ ಒಮ್ಮೆ ಕುಂಯ್‌ಗುಟ್ಟಿ ಆರಿಹೋಯಿತು.

ಪೆಟ್ಟಿಗೆ ಕೆಟ್ಟಿರಲಿಲ್ಲ. ಕೊಂಡವನ ಲೆಕ್ಕ ಕೆಟ್ಟಿತ್ತು.

ಎಂಎಎಚ್ ಎಂಬುದು ಅರ್ಧ ಲೆಕ್ಕ. ಅದನ್ನು ವೋಲ್ಟಿನಿಂದ ಗುಣಿಸಿದರೆ ಮಾತ್ರ ಒಳಗೆ ಎಷ್ಟು ವಿದ್ಯುತ್ ಇದೆ ಎಂದು ತಿಳಿಯುತ್ತದೆ. ಆ ಪೆಟ್ಟಿಗೆಯೊಳಗಿನ ಲಿಥಿಯಂ ಸೆಲ್‌ಗಳದ್ದು 3.7 ವೋಲ್ಟ್. 42,000 ಎಂಎಎಚ್ ಎಂದರೆ 42 ಆಂಪಿಯರ್-ಅವರ್. ಗುಣಿಸಿದರೆ ಸುಮಾರು 155 ವ್ಯಾಟ್-ಅವರ್. ಮೂಲೆಗೆ ತಳ್ಳಿದ್ದ ಹಳೇ ಯುಪಿಎಸ್ ಬ್ಯಾಟರಿ 150 ಆಂಪಿಯರ್-ಅವರ್, 12 ವೋಲ್ಟ್. ಅದರ ಗುಣಲಬ್ಧ 1,800. ಹೊಸದು ಹಳೆಯದರ ಹತ್ತನೇ ಒಂದು ಪಾಲೂ ಇರಲಿಲ್ಲ. ಅದರಲ್ಲೂ 230 ವೋಲ್ಟಿಗೆ ಏರಿಸುವಾಗ ಸೋರಿಹೋಗುವುದನ್ನು ಕಳೆದರೆ ಕೈಗೆ ಸಿಕ್ಕಿದ್ದು 120ರ ಆಸುಪಾಸು. ಮೂರೂ ಸೇರಿ 90 ವ್ಯಾಟ್ ಎಳೆಯುತ್ತಿದ್ದವು, ಪೆಟ್ಟಿಗೆ ತನ್ನ ಪಾಲಿನದ್ದನ್ನು ತಾನೂ ತಿನ್ನುತ್ತಿತ್ತು. ಒಂದು ಗಂಟೆ ಹತ್ತು ನಿಮಿಷ ಬಂದದ್ದೇ ಹೆಚ್ಚು.

ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಸಿ ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿದ ಮೇಲೆ ಉಳಿಯುವ ತೂಕವೇ ಬೇರೆ. ಹಸಿ ಅಡಿಕೆ ತೂಗಿ ಒಣ ಅಡಿಕೆಯ ರೇಟು ಕೇಳಿದರೆ ಮಂಡಿಯಲ್ಲಿ ನಗುತ್ತಾರೆ. ಬ್ಯಾಟರಿ ಪೇಟೆಯಲ್ಲಿ ಯಾರೂ ನಗುವುದಿಲ್ಲ, ಬಿಲ್ ಹರಿದು ಕೊಡುತ್ತಾರೆ.

ಕಾಕತಾಳೀಯವೋ ಏನೋ, ಅದೇ ಜುಲೈ 8ರಂದು ಅಮೆರಿಕದ ಟೆಕ್ಸಾಸ್ ಕರಾವಳಿಗೆ ಬೆರಿಲ್ ಚಂಡಮಾರುತ ಅಪ್ಪಳಿಸಿ, ಹ್ಯೂಸ್ಟನ್ ಸುತ್ತಮುತ್ತ 20 ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ಹೋಗಿತ್ತು. ಅಲ್ಲಿರುವ ಅಕ್ಕನ ಮಗ ಫೋನಿನಲ್ಲಿ ಸಿಕ್ಕಾಗ ಆತನೂ ಇದೇ ಚಿಂತೆಯಲ್ಲಿದ್ದ. ನಾಲ್ಕು ದಿನ ಫ್ರಿಜ್ ಕಾಪಾಡಲು ಏನು ಕೊಳ್ಳಬೇಕು? ಮಾವ-ಅಳಿಯ ಇಬ್ಬರೂ ಒಂದೇ ಪಟ್ಟಿ ಹಿಡಿದು ಕೂತರು. “ಮಾವ, ಬರುವಾಗ ನಿಮಗೂ ಒಂದು ತರ್ತೀನಿ” ಎಂದ ಅಳಿಯ. ತರುವಂತಿರಲಿಲ್ಲ. ಅಲ್ಲಿ ಮಾರುವ ಮಾದರಿಗಳು ಕೊಡುವುದು 120 ವೋಲ್ಟ್, ನಮ್ಮ ಮನೆಗೆ ಬೇಕಾದ್ದು 230. ಅದಕ್ಕಿಂತ ಮೊದಲೇ ವಿಮಾನದ ನಿಯಮ ಅಡ್ಡ ಬರುತ್ತದೆ: 100 ವ್ಯಾಟ್-ಅವರ್‌ವರೆಗಿನ ಬ್ಯಾಟರಿಗೆ ಅನುಮತಿ ಬೇಡ, 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದರ ಮೇಲಿನದ್ದು ಪ್ರಯಾಣಿಕರ ಸಾಮಾನಿನಲ್ಲಿ ಬರುವಂತೆಯೇ ಇಲ್ಲ.

ಆ ಪಟ್ಟಿ ಮಾತ್ರ ಪಾಠವಾಯಿತು. ಒಂದು ಯೂನಿಟ್, ಅಂದರೆ 1,000 ವ್ಯಾಟ್-ಅವರ್ ಆಸುಪಾಸಿನ ನಾಲ್ಕು ಹೆಸರುಗಳು ಅದರಲ್ಲಿದ್ದವು. ಇಕೋಫ್ಲೋ ಡೆಲ್ಟಾ 2: 1,024 ವ್ಯಾಟ್-ಅವರ್, 12 ಕಿಲೋ. ಆಂಕರ್ ಸೋಲಿಕ್ಸ್ ಸಿ1000: 1,056, ಸುಮಾರು 13 ಕಿಲೋ. ಬ್ಲೂಯೆಟ್ಟಿ ಎಸಿ180: 1,152, ಸುಮಾರು 16 ಕಿಲೋ. ಈ ಮೂರೂ 1,800 ವ್ಯಾಟ್‌ವರೆಗಿನ ಲೋಡ್ ಹೊರುತ್ತವೆ. ಜಾಕರಿ ಎಕ್ಸ್‌ಪ್ಲೋರರ್ 1000ರ ಎರಡನೇ ಆವೃತ್ತಿ: 1,070 ವ್ಯಾಟ್-ಅವರ್, 1,500 ವ್ಯಾಟ್, 11 ಕಿಲೋಗಿಂತ ತುಸು ಕಡಿಮೆ.

ಆಯಸ್ಸಿನ ಸಾಲು ನೋಡಿ. ಡೆಲ್ಟಾ 2 ಮೂರು ಸಾವಿರ ಸಲ ಚಾರ್ಜ್ ಆಗುತ್ತದೆ ಎಂದಿದ್ದರೆ, ಜಾಕರಿ ನಾಲ್ಕು ಸಾವಿರ ಎನ್ನುತ್ತದೆ. ಮೊದಲ ನೋಟಕ್ಕೆ ಜಾಕರಿಯೇ ಗಟ್ಟಿ. ಆದರೆ ಡೆಲ್ಟಾದ ಮೂರು ಸಾವಿರ ಎಂದರೆ ಸಾಮರ್ಥ್ಯ ಶೇ 80ಕ್ಕೆ ಇಳಿಯುವವರೆಗಿನ ಎಣಿಕೆ, ಜಾಕರಿಯದ್ದು ಶೇ 70ಕ್ಕೆ ಇಳಿಯುವವರೆಗಿನದ್ದು. ಒಬ್ಬ ಶಿರೂರಿಗೆ ನಿಲ್ಲಿಸಿದ, ಇನ್ನೊಬ್ಬ ಭಟ್ಕಳದವರೆಗೂ ಓಡಿದ. ಯಾರು ವೇಗ ಎಂದು ಇದರಿಂದ ಹೇಳಲಾಗದು.

ಈ ನಾಲ್ಕರ ಒಳಗೂ ಇರುವುದು ಲಿಥಿಯಂ ಐರನ್ ಫಾಸ್ಫೇಟ್. ಮೊಬೈಲಿನ ಬ್ಯಾಟರಿಗಿಂತ ತೂಕ ಜಾಸ್ತಿ, ಆದರೆ ಬೇಗ ಕಾದು ಹೊತ್ತಿಕೊಳ್ಳುವುದಿಲ್ಲ, ಬಾಳಿಕೆಯೂ ಹೆಚ್ಚು. ಅದನ್ನು ಬ್ಯಾಟರಿಗೆ ಬಳಸಬಹುದೆಂದು ತೋರಿಸಿದ 1997ರ ಪ್ರಬಂಧಕ್ಕೆ ಸಹಿ ಹಾಕಿದವರು ಮೂವರು: ಮುಂದೆ 2019ರಲ್ಲಿ ನೊಬೆಲ್ ಪಡೆದ ಜಾನ್ ಗುಡ್‌ಇನಫ್, ಎ.ಕೆ. ಪಾಢಿ, ಮತ್ತು ಕನ್ನಡದ ಕಿವಿಗೆ ಪಕ್ಕದ ಮನೆಯವರಂತೆ ಕೇಳುವ ಹೆಸರಿನ ಕೆ.ಎಸ್. ನಂಜುಂಡಸ್ವಾಮಿ.

ಅಂಕಣಕಾರ ಎರಡನೇ ಸಲ ಕೊಂಡದ್ದು 1,024 ವ್ಯಾಟ್-ಅವರ್‌ನ ಒಂದು ಪೆಟ್ಟಿಗೆ, 68,000 ರೂಪಾಯಿಗೆ. ಪಕ್ಕದ ಮನೆಯವರು ಬಂದು ಅದನ್ನು ಎತ್ತಿ ನೋಡಿ, “ಅಲ್ಲ ಮಾರಾಯ, ಈ ದುಡ್ಡಿಗೆ ಕರೆಯೋ ಎಮ್ಮೆ ಬರ್ತಿತ್ತಲ್ಲ” ಎಂದರು. ಎಮ್ಮೆಯಾದರೆ ದಿನಕ್ಕೆಷ್ಟು ಹಾಲು ಎಂದು ಅಳೆದು ಕೊಳ್ಳಬಹುದಿತ್ತು ಎಂಬುದೂ ಅವರ ಮಾತಿನಲ್ಲೇ ಇತ್ತು. ಹಾಗಾದರೆ ಇದನ್ನೂ ಅಳೆಯೋಣ ಎಂದು ಆತ ಪ್ಲಗ್ಗಿಗೆ ಸಿಕ್ಕಿಸುವ ಎರಡು ಮೀಟರ್ ತರಿಸಿದ. ಒಂದು ಗೋಡೆಯ ಕಡೆಗೆ, ಇನ್ನೊಂದು ಪೆಟ್ಟಿಗೆಯ ಹೊರಬಾಯಿಗೆ.

ಪೂರಾ ಖಾಲಿಯಾದ ಪೆಟ್ಟಿಗೆ ತುಂಬಲು ಗೋಡೆಯಿಂದ 1.19 ಯೂನಿಟ್ ಕುಡಿಯಿತು. ಅಟ್ಟದಲ್ಲಿದ್ದ ನೂರು ವ್ಯಾಟಿನ ಮೂರು ಹಳೇ ಬಲ್ಬ್ ಉರಿಸಿ ಖಾಲಿ ಮಾಡಿದಾಗ ಹೊರಗೆ ಬಂದದ್ದು 0.88 ಯೂನಿಟ್. ಡಬ್ಬದ ಅಂಕಿಯ ಶೇ 86. ಬಿಲ್ಲು ಕಟ್ಟಿದ ಕರೆಂಟಿನ ಶೇ 74. ಬ್ಯಾಟರಿಗೆ ತುಂಬುವಾಗ ಒಮ್ಮೆ ಎಸಿಯಿಂದ ಡಿಸಿ, ತೆಗೆಯುವಾಗ ಮತ್ತೆ ಡಿಸಿಯಿಂದ ಎಸಿ. ಎರಡು ಕಡೆಯೂ ಸುಂಕ. ಇದು ತಕರಾರಿನ ಅಂಕಿಯಲ್ಲ, ಒಳ್ಳೆಯ ಪೆಟ್ಟಿಗೆಯ ಅಂಕಿ.

ನಿಜವಾದ ಅಚ್ಚರಿ ಕಾದಿದ್ದದ್ದು ಸಣ್ಣ ಲೋಡಿನಲ್ಲಿ. ರೂಟರ್ ಒಂದನ್ನೇ ಹಾಕಿಟ್ಟ. ಅದರ ಹಸಿವು ಬರೀ 10 ವ್ಯಾಟ್. 880ನ್ನು ಹತ್ತರಿಂದ ಭಾಗಿಸಿದರೆ 88 ಗಂಟೆ ಬರಬೇಕಿತ್ತು. ಬಂದದ್ದು 43. ಉಳಿದರ್ಧ ತಿಂದದ್ದು ಪೆಟ್ಟಿಗೆಯೇ. ಎಸಿ ಸ್ವಿಚ್ ಒತ್ತಿಟ್ಟಷ್ಟು ಹೊತ್ತೂ ಒಳಗಿನ ಇನ್ವರ್ಟರ್ ಸುಮ್ಮನೆ ಕೂತೇ ಹತ್ತು-ಹನ್ನೆರಡು ವ್ಯಾಟ್ ನುಂಗುತ್ತದೆ. 300 ವ್ಯಾಟ್ ಕೆಲಸವಿದ್ದಾಗ ಅದು ಲೆಕ್ಕಕ್ಕೆ ಬಾರದು. 10 ವ್ಯಾಟ್ ಕೆಲಸಕ್ಕೆ ಕೂಲಿಗಿಂತ ಮೇಸ್ತ್ರಿಯ ಸಂಬಳವೇ ಜಾಸ್ತಿ.

ರೂಟರ್ ಓಡುವುದೇ 12 ವೋಲ್ಟ್ ಡಿಸಿಯಲ್ಲಿ. ಪೆಟ್ಟಿಗೆಯ ಬೆನ್ನಿಗೆ ಕಾರಿನಲ್ಲಿರುವಂಥ 12 ವೋಲ್ಟಿನ ಸಾಕೆಟ್ ಇದೆ. ಪೇಟೆಯಲ್ಲಿ ಇನ್ನೂರು ರೂಪಾಯಿಗೆ ಸಿಕ್ಕ ಒಂದು ವೈರ್ ತಂದು, ಅಡಾಪ್ಟರ್ ಬಿಟ್ಟು ನೇರವಾಗಿ ಕೊಟ್ಟಾಗ ಅದೇ ರೂಟರ್ ಮೂರು ದಿನ ಎಂಟು ಗಂಟೆ ಓಡಿತು. ಲ್ಯಾಪ್‌ಟಾಪನ್ನೂ ಅದರ ಚಾರ್ಜರ್ ಬಿಟ್ಟು ಯುಎಸ್‌ಬಿ-ಸಿ ಕಿಂಡಿಗೆ ಹಾಕಿದರೆ ಇದೇ ಲಾಭ. ಇಡೀ ಪ್ರಯೋಗದಲ್ಲಿ ಅತ್ಯಂತ ಅಗ್ಗವಾಗಿ ಸಿಕ್ಕ ಸಾಮರ್ಥ್ಯ ಆ ಇನ್ನೂರು ರೂಪಾಯಿಯದ್ದು.

ಇನ್ನು ದುಡ್ಡಿನ ಮಾತು. ಪೇಟೆಯ ಬ್ಯಾಟರಿ ಅಂಗಡಿಯವರು ಹೊಸ ಯುಪಿಎಸ್ ಮತ್ತು 150 ಆಂಪಿಯರ್-ಅವರ್‌ನ ಟ್ಯೂಬುಲರ್ ಬ್ಯಾಟರಿಗೆ ಹೇಳಿದ್ದು 24,000. ಡಬ್ಬದ ಲೆಕ್ಕದಲ್ಲಿ 1,800 ವ್ಯಾಟ್-ಅವರ್. ಆದರೆ ಸೀಸದ ಬ್ಯಾಟರಿಯನ್ನು ತಳ ಕಾಣುವಂತೆ ಖಾಲಿ ಮಾಡಿದರೆ ಬೇಗ ಸಾಯುತ್ತದೆ. ಶೇ 60ರಷ್ಟು ಬಳಸಿ ನಿಲ್ಲಿಸಿ, ಇನ್ವರ್ಟರ್ ಸುಂಕ ಕಳೆದರೆ ಸಿಗುವುದು ಸುಮಾರು 860. ಅಂದರೆ 24,000ದ ಜೋಡಿಯೂ 68,000ದ ಪೆಟ್ಟಿಗೆಯೂ ಒಂದು ಸಲಕ್ಕೆ ಕೊಡುವುದು ಹೆಚ್ಚುಕಡಿಮೆ ಒಂದೇ!

ಲಿಥಿಯಂ ಪರವಾಗಿ ಉಳಿಯುವುದು ಆಯಸ್ಸು. ಆ ಆಯಸ್ಸು ಯಾರಿಗೆ? ಈ ಮನೆಯಲ್ಲಿ ವರ್ಷಕ್ಕೆ 80 ಸಲ ಬ್ಯಾಟರಿ ಖಾಲಿಯಾದರೆ ಅದೇ ಹೆಚ್ಚು. ಮೂರು ಸಾವಿರ ಮುಗಿಸಲು 37 ವರ್ಷ ಬೇಕು. ಅಷ್ಟರೊಳಗೆ ಒಳಗಿನ ಸರ್ಕ್ಯೂಟ್ ಬೋರ್ಡು ಎಂದೋ ಕಣ್ಣುಮುಚ್ಚಿರುತ್ತದೆ. ಹತ್ತು ವರ್ಷ ಬಾಳುತ್ತದೆ ಎಂದು ಹಿಡಿದರೆ ಹೊರಬರುವುದು 700 ಯೂನಿಟ್. ಕೊಂಡ ಬೆಲೆಯೇ ಯೂನಿಟ್‌ಗೆ 97 ರೂಪಾಯಿ, ತುಂಬುವ ಕರೆಂಟಿಗೆ ಇನ್ನೊಂದು ಎಂಟು. ಸೀಸದ ಜೋಡಿಗೆ ಐದು ವರ್ಷಕ್ಕೆ ಹೊಸ ಬ್ಯಾಟರಿ, ಹಳೆಯದನ್ನು ಗುಜರಿಗೆ ಕೊಟ್ಟದ್ದು ಕಳೆದು 12,000 ಎಂದು ಸೇರಿಸಿದರೂ ಯೂನಿಟ್‌ಗೆ ಎಲ್ಲ ಸೇರಿ 60ರ ಸುತ್ತಮುತ್ತ. 2025ರ ಸೆಪ್ಟೆಂಬರ್ 22ರಿಂದ ಸೀಸದ ಬ್ಯಾಟರಿಯ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು ಲಿಥಿಯಂಗೆ ಸಮವಾದ ಮೇಲೆ ತಕ್ಕಡಿ ಇನ್ನೂ ಆ ಕಡೆಗೇ ವಾಲಿದೆ.

ಅದೇ ಪೆಟ್ಟಿಗೆ ದಿನವೂ ಖಾಲಿಯಾಗುವವರ ಕೈಯಲ್ಲಿದ್ದರೆ ಲೆಕ್ಕ ತಿರುಗಿ ನಿಲ್ಲುತ್ತದೆ. ಸಂಜೆ ಗಾಡಿ ಹಾಕಿ ಲೈಟು, ಮಿಕ್ಸಿ, ಜ್ಯೂಸ್ ಯಂತ್ರ ನಡೆಸುವವರು ಮೂರು ಸಾವಿರ ಸಲವನ್ನು ಎಂಟೂಕಾಲು ವರ್ಷಕ್ಕೆ ಮುಗಿಸುತ್ತಾರೆ. ಸಾಮರ್ಥ್ಯ ಸವೆಯುವುದನ್ನು ಲೆಕ್ಕಕ್ಕೆ ಹಿಡಿದರೂ ಅವರಿಗೆ ಯೂನಿಟ್ ಬೀಳುವುದು 37 ರೂಪಾಯಿಗೆ. ಲೀಟರಿಗೆ ನೂರು ದಾಟಿದ ಪೆಟ್ರೋಲ್ ಕುಡಿಯುವ ಪುಟ್ಟ ಜನರೇಟರು ಲೀಟರಿಗೆ ಎರಡು ಯೂನಿಟ್ ಕೊಟ್ಟರೂ 50 ಆಯಿತು. ಸದ್ದು, ಹೊಗೆ, ಆಯಿಲ್ ಬೇರೆ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋಗುವವರಿಗೂ ಗೋಡೆ ಕೊರೆಯದೆ, ಆಸಿಡ್ ಬ್ಯಾಟರಿ ಹೊರದೆ ಆಗುವ ಸುಖಕ್ಕೆ ಒಂದು ಬೆಲೆಯುಂಟು.

ಹೊರುವ ಶಕ್ತಿ ಬೇರೆ, ಹೊತ್ತು ನಡೆಯುವ ದೂರ ಬೇರೆ. 1,800 ವ್ಯಾಟ್ ಎಂದು ಬರೆದ ಪೆಟ್ಟಿಗೆ ಇಂಡಕ್ಷನ್ ಒಲೆಯನ್ನು ಹೊತ್ತೀತು, ಆದರೆ ಅರ್ಧ ಗಂಟೆಗೆ ಸುಸ್ತಾಗುತ್ತದೆ. 750 ವ್ಯಾಟಿನ ಮಿಕ್ಸಿಯಲ್ಲಿ ಮೂರು ನಿಮಿಷ ಚಟ್ನಿ ರುಬ್ಬಿದರೆ 40 ವ್ಯಾಟ್-ಅವರ್ ಕೂಡ ಹೋಗುವುದಿಲ್ಲ. ಆದರೆ 300 ವ್ಯಾಟ್ ಮಿತಿಯ ಸಣ್ಣ ಪೆಟ್ಟಿಗೆಗೆ ಅದನ್ನು ತಿರುಗಿಸಲೇ ಆಗದು. ಫ್ರಿಜ್ ಓಡುವಾಗ 100-150 ವ್ಯಾಟ್ ಸಾಕು, ಕಂಪ್ರೆಸರ್ ಹೊರಡುವ ಕ್ಷಣಕ್ಕೆ ಅದರ ಹಲವು ಪಟ್ಟು ಕೇಳುತ್ತದೆ. ಹ್ಯೂಸ್ಟನ್ನಿನ ಅಳಿಯ ಕೊನೆಗೆ ಆರಿಸಿದ್ದು ಆ ಕ್ಷಣದ ಅಂಕಿ ನೋಡಿಯೇ.

ಮಗಳು ಮಾತ್ರ ಬೇರೆ ದಾರಿ ಹಿಡಿದಳು. ಏಪ್ರಿಲ್ ಸೆಕೆಗೆ ಮೊದಲು ಮನೆಯ 75 ವ್ಯಾಟಿನ ಎರಡು ಹಳೇ ಫ್ಯಾನು ಇಳಿಸಿ, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿಸಿದಳು. ಎರಡಕ್ಕೂ ಸೇರಿ ಖರ್ಚು ಆರು ಸಾವಿರ. ಸ್ಟಾರ್ ಲೇಬಲ್ 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೂ ಕಡ್ಡಾಯವಾಗಿರುವುದರಿಂದ ಆರಿಸುವುದೂ ಕಷ್ಟವಾಗಲಿಲ್ಲ. ರಾತ್ರಿ ಕರೆಂಟ್ ಹೋದಾಗ ಎರಡು ಫ್ಯಾನಿಗೆ ಐದೂವರೆ ಗಂಟೆ ಬರುತ್ತಿದ್ದ ಪೆಟ್ಟಿಗೆ ಹನ್ನೆರಡು ಗಂಟೆ ಬರತೊಡಗಿತು. ಬ್ಯಾಟರಿಯನ್ನು ಇಮ್ಮಡಿ ಮಾಡಲು ಅಪ್ಪನಿಗೆ ಇನ್ನೊಂದು 68,000 ಬೇಕಾಗುತ್ತಿತ್ತು.

ಪೆಟ್ಟಿಗೆಯನ್ನು ಮಾರಿ ಯುಪಿಎಸ್ ಹಾಕಿಸೋಣ ಎಂಬ ಮಾತು ಮನೆಯಲ್ಲಿ ಎರಡು ಸಲ ಬಂತು. 2025ರ ಮಳೆಗಾಲದಲ್ಲಿ ಊರಿನ ದೇವಸ್ಥಾನದ ಚಾವಡಿಯಲ್ಲಿ ತಾಳಮದ್ದಳೆ ಇತ್ತು. ಭಾಗವತರು ಶ್ರುತಿ ಹಿಡಿಯುವ ಹೊತ್ತಿಗೇ ಕರೆಂಟ್ ಹೋಯಿತು. ಎಮ್ಮೆಯ ಮಾತಾಡಿದ್ದ ಪಕ್ಕದ ಮನೆಯವರೇ ಜೀಪು ತಂದು ಬಾಗಿಲಲ್ಲಿ ನಿಲ್ಲಿಸಿ, “ನಿಮ್ಮ ಆ ಪೆಟ್ಟಿಗೆ ಕೊಡಿ ಮಾರಾಯ್ರೆ” ಎಂದರು. ಮೈಕ್ ಸೆಟ್ಟು, ನಾಲ್ಕು ಎಲ್‌ಇಡಿ ಬಲ್ಬು ಸೇರಿ 90 ವ್ಯಾಟ್. ರಾತ್ರಿ ಹತ್ತಕ್ಕೆ ಹಚ್ಚಿದ್ದು ಬೆಳಗಿನ ಜಾವ ಐದಕ್ಕೆ ಮಂಗಳ ಹಾಡುವವರೆಗೂ ಉರಿಯಿತು. ಅಂಕಣಕಾರ ಅರ್ಥಗಾರಿಕೆ ಕೇಳಿದ್ದಕ್ಕಿಂತ ಪೆಟ್ಟಿಗೆಯ ಅಂಕಿ ನೋಡಿದ್ದೇ ಹೆಚ್ಚು. ಮೈಕ್ ಆರಿಸಿದಾಗ ಪರದೆಯ ಮೇಲೆ ಇನ್ನೂ ಶೇ 27 ಎಂದಿತ್ತು.