ನಾಲ್ಕು ಅಂಕಗಳ ಗೆಲುವು



ವೇಗವೊಂದೇ ಪಂದ್ಯವನ್ನು ಗೆಲ್ಲಿಸುವುದೆಂದು ಹಲವರು ಭಾವಿಸುವರು. ಬೆಂಗಳೂರಿನಲ್ಲಿ 1995ರಲ್ಲಿ ಜನಿಸಿದ ಮೋಟಾರುಸೈಕಲ್ ಪಂದ್ಯಗಾರ್ತಿ ಐಶ್ವರ್ಯಾ ಪಿಸ್ಸೆಯವರ ಚರಿತ್ರವು ಬೇರೊಂದು ಪಾಠವನ್ನು ಕಲಿಸುತ್ತದೆ.

2018ರಲ್ಲಿ ಇವರು ಸ್ಪೇನ್ ದೇಶದ ಬಾಜಾ ಪಂದ್ಯದಲ್ಲಿ ಭಾಗವಹಿಸಿದರು. ಬಾಜಾ ಎಂಬುದು ನುಣುಪಾದ ರಸ್ತೆಯ ಓಟವಲ್ಲ. ಮರಳು, ಕಲ್ಲು, ಕೊರಕಲುಗಳನ್ನು ದಾಟಿ ಬಹುದೂರ ಸಾಗಬೇಕಾದದ್ದು. ಅಲ್ಲಿ ಬಿದ್ದು ಕಠಿಣವಾಗಿ ಗಾಯಗೊಂಡರು. ಆದರೂ ಮರುವರ್ಷವೇ ಬಾಜಾ ವಿಶ್ವಕಪ್ಪಿನ ಮಹಿಳಾ ವಿಭಾಗಕ್ಕೆ ಇಳಿದರು. ದುಬೈಯಲ್ಲಿ ಪ್ರಥಮ, ಪೋರ್ಚುಗಲ್ಲಿನಲ್ಲಿ ತೃತೀಯ, ತಾವು ಬಿದ್ದಿದ್ದ ಆ ಸ್ಪೇನಿನಲ್ಲಿಯೇ ಪಂಚಮ, ಹಂಗೆರಿಯಲ್ಲಿ ಚತುರ್ಥ ಸ್ಥಾನ ದೊರೆಯಿತು. ಒಟ್ಟು 65 ಅಂಕಗಳು. ಪೋರ್ಚುಗಲ್ಲಿನ ರೀಟಾ ವಿಯೇರಾ ಅವರಿಗೆ 61. ಹೀಗೆ 2019ರ ವಿಶ್ವಪ್ರಶಸ್ತಿಯು ಕನ್ನಡನಾಡಿಗೆ ಬಂದಿತು.

ನಾಲ್ಕು ಸುತ್ತುಗಳಲ್ಲಿ ಗೆದ್ದದ್ದು ಒಂದೇ ಸುತ್ತನ್ನು ಎಂಬುದನ್ನು ಗಮನಿಸಿರಿ. ಐದನೆಯ ಸ್ಥಾನಕ್ಕೆ ನಾಚಿ ಮನೆಗೆ ಮರಳಿದ್ದರೆ ಪ್ರಶಸ್ತಿಯು ಎಲ್ಲಿಂದ ಬರುತ್ತಿತ್ತು?

ಹಲಗೇರಿಯ ತಾಯಿತಂದೆಗಳೇ, ಮಗಳು ಗಣಿತದಲ್ಲಿ ಒಮ್ಮೆ ಹಿಂದೆಬಿದ್ದಳೆಂದು ಶಾಲೆ ಬಿಡಿಸಲು ಆತುರಪಡದಿರಿ. ಮುಂದಿನ ಪರೀಕ್ಷೆಗೂ ಅವಳನ್ನು ಕೂಡ್ರಿಸಿರಿ. ಮೊತ್ತವನ್ನು ಕೂಡಿಸುವುದು ಕಡೆಯಲ್ಲಿ.