ಕತ್ತಲಲ್ಲಿ ಇಳಿಯುವ ಲೆಕ್ಕ

ಕಲಬುರಗಿ ಆಕಾಶದಲ್ಲಿ ಗುಂಯ್ ಅಂತ ಸುತ್ತು ಹಾಕುವ ಪುಟ್ಟ ವಿಮಾನಗಳನ್ನು ನೀವೂ ನೋಡಿರುತ್ತೀರಿ. 2019ರ ನವೆಂಬರ್ 22ರಂದು ಇಲ್ಲಿನ ವಿಮಾನ ನಿಲ್ದಾಣ ಶುರುವಾಯಿತು, ಆಮೇಲೆ ಪೈಲಟ್ ತರಬೇತಿ ಶಾಲೆಗಳೂ ಬಂದವು. ಕಲಿಯುವವರು ಹೆಚ್ಚುಕಡಿಮೆ ನಮ್ಮ ವಯಸ್ಸಿನವರೇ. ಕಮರ್ಷಿಯಲ್ ಲೈಸೆನ್ಸ್ ಬೇಕೆಂದರೆ 200 ಗಂಟೆ ಹಾರಬೇಕು. ಅದರಲ್ಲಿ ಕನಿಷ್ಠ 5 ಗಂಟೆ ರಾತ್ರಿ ಹಾರಾಟ, ಜೊತೆಗೆ ರಾತ್ರಿಯೇ 10 ಟೇಕಾಫ್, 10 ಲ್ಯಾಂಡಿಂಗ್.

ಈ ಹತ್ತು ಲ್ಯಾಂಡಿಂಗ್ ಹುಡುಗಾಟವಲ್ಲ. 2023ರ ಜನವರಿ ಮೊದಲ ವಾರದ ಒಂದು ರಾತ್ರಿ, ಮಧ್ಯಪ್ರದೇಶದ ರೀವಾದಲ್ಲಿ ತರಬೇತಿ ವಿಮಾನವೊಂದು ಇಳಿಯಲು ಬರುತ್ತಾ ದೇವಸ್ಥಾನದ ಶಿಖರಕ್ಕೆ, ವಿದ್ಯುತ್ ತಂತಿಗೆ ತಾಗಿ ಬಿತ್ತು. ಕಲಿಸುತ್ತಿದ್ದ ಪೈಲಟ್ ತೀರಿಕೊಂಡರು, ಕಲಿಯುತ್ತಿದ್ದವರು ಗಾಯಗೊಂಡರು. ಅಲ್ಲಿ ಮಂಜು ಕವಿದಿತ್ತು. ಆದರೆ ಆಕಾಶ ತಿಳಿಯಾಗಿದ್ದ ರಾತ್ರಿಯೂ ಕಣ್ಣು ಮೋಸ ಮಾಡುತ್ತದೆ. ಹೇಗೆ ಅಂತ ನೋಡೋಣ.

ಒಂದು ವಿಮಾನ ಕಮಲಾಪುರದ ಕಡೆಯಿಂದ ಬಂದು, ನಿಲ್ದಾಣದ ಪೂರ್ವಕ್ಕೆ ತಿರುಗಿ, ಪಶ್ಚಿಮಕ್ಕೆ ಮುಖ ಮಾಡಿ ಇಳಿಯುತ್ತಿದೆ ಅಂತ ಇಟ್ಟುಕೊಳ್ಳಿ. ಕೆಳಗೆ ತೊಗರಿ ಹೊಲ, ಬರೀ ಕತ್ತಲು. ಎದುರಿಗೆ ರನ್‌ವೇ ದೀಪ, ಅದರಾಚೆ ಕಲಬುರಗಿ ಊರಿನ ಬೆಳಕು. ಮಧ್ಯೆ ಮರ, ಮನೆ, ರಸ್ತೆ ಯಾವುದೂ ಕಾಣದಿದ್ದರೆ ಎತ್ತರ ಅಳೆಯಲು ಕಣ್ಣಿಗೆ ಆಧಾರವೇ ಇಲ್ಲ. ಇದಕ್ಕೆ ಪೈಲಟ್‌ಗಳು ‘ಬ್ಲ್ಯಾಕ್ ಹೋಲ್’ ಭ್ರಮೆ ಅನ್ನುತ್ತಾರೆ. ಬೋಯಿಂಗ್ ಕಂಪನಿಯ ಕಾನ್ರಾಡ್ ಕ್ರಾಫ್ಟ್ ಇದನ್ನು ಸಿಮ್ಯುಲೇಟರಿನಲ್ಲಿ ಪರೀಕ್ಷಿಸಿದಾಗ, ಅನುಭವಿ ಪೈಲಟ್‌ಗಳು ಸಹ ಬೇಕಾದ್ದಕ್ಕಿಂತ ಕೆಳಗೆ ಇಳಿದುಬಿಟ್ಟರು.

ಇದರ ಹಿಂದೆ ಇರುವುದು ನಾವು ಶಾಲೆಯಲ್ಲಿ ಓದಿದ ಜ್ಯಾಮಿತಿಯೇ. ಬೇರೆ ಗುರುತು ಸಿಗದಾಗ ಪೈಲಟ್ ತನಗೆ ಗೊತ್ತಿಲ್ಲದೆಯೇ ರನ್‌ವೇ ದೀಪಗಳ ಎರಡು ತುದಿಗಳ ನಡುವಿನ ಕೋನವನ್ನು ಬದಲಾಗದಂತೆ ಹಿಡಿದಿಟ್ಟುಕೊಳ್ಳುತ್ತಾನೆ. ಒಂದೇ ಜ್ಯಾ ಮೇಲೆ ಒಂದೇ ಕೋನ ಉಂಟುಮಾಡುವ ಬಿಂದುಗಳೆಲ್ಲ ಎಲ್ಲಿರುತ್ತವೆ? ವೃತ್ತದ ಕಂಸದ ಮೇಲೆ. ಅಂದರೆ ವಿಮಾನ ನೇರ ಗೆರೆಯಲ್ಲಿ ಇಳಿಯುವ ಬದಲು, ಆ ಗೆರೆಯ ಕೆಳಗೆ ಜೋತುಬಿದ್ದ ಕಂಸದಲ್ಲಿ ಇಳಿಯುತ್ತದೆ. ಮರ, ತಂತಿ, ಶಿಖರ ಇರುವುದೂ ಅಲ್ಲೇ.

ಮದ್ದು ಏನು? ಕಣ್ಣಿನ ಅಂದಾಜು ಬಿಟ್ಟು ಅಳತೆ ನಂಬುವುದು. ಇಳಿಯುವ ಕೋನ ಸಾಮಾನ್ಯವಾಗಿ 3 ಡಿಗ್ರಿ. ರನ್‌ವೇ 3 ಕಿ.ಮೀ. ದೂರವಿದ್ದಾಗ ಎತ್ತರ 3000 × ಟ್ಯಾನ್ 3°, ಅಂದರೆ ಸುಮಾರು 157 ಮೀಟರ್ ಇರಬೇಕು. ರನ್‌ವೇ ಪಕ್ಕದ ‘ಪಾಪಿ’ ಎಂಬ ನಾಲ್ಕು ದೀಪಗಳು ಇದನ್ನೇ ಹೇಳುತ್ತವೆ: ಎರಡು ಬಿಳಿ, ಎರಡು ಕೆಂಪು ಕಂಡರೆ ದಾರಿ ಸರಿ. ನಾಲ್ಕೂ ಬಿಳಿ ಆದರೆ ತೀರಾ ಮೇಲೆ. ನಾಲ್ಕೂ ಕೆಂಪು ಆದರೆ ತೀರಾ ಕೆಳಗೆ, ಅಪಾಯ.

ಕೊನೆಯ ಕೆಲವು ಸೆಕೆಂಡು ಇನ್ನೊಂದು ಪರೀಕ್ಷೆ. ನೆಲ ಹತ್ತಿರವಾದಾಗ ಮೂತಿ ಮೆಲ್ಲಗೆ ಎತ್ತಬೇಕು, ಇದಕ್ಕೆ ‘ಫ್ಲೇರ್’ ಎನ್ನುತ್ತಾರೆ. 65 ನಾಟ್ ವೇಗದಲ್ಲಿ 3 ಡಿಗ್ರಿ ಇಳಿಯುವ ಸೆಸ್ನಾ ಸೆಕೆಂಡಿಗೆ ಸುಮಾರು 1.75 ಮೀಟರ್ ಕೆಳಗೆ ಬರುತ್ತಿರುತ್ತದೆ. ಅಗಲವಾದ ರನ್‌ವೇ ನೋಡಿ ‘ನೆಲ ಬಂತು’ ಅಂತ 3 ಮೀಟರ್ ಮೇಲೆಯೇ ಫ್ಲೇರ್ ಮಾಡಿ ವೇಗ ಕಳಕೊಂಡರೆ? ಬರೀ ಕಲ್ಲಾಗಿದ್ದರೆ ಸೆಕೆಂಡಿಗೆ 7.7 ಮೀಟರ್ ವೇಗದಲ್ಲಿ ಬೀಳುತ್ತಿತ್ತು. ರೆಕ್ಕೆ ತಡೆದು ಅದರ ಅರ್ಧಕ್ಕೆ ಇಳಿಸಿದರೂ, ನೆಲಕ್ಕೆ ಬಡಿಯುವ ಶಕ್ತಿ ಫ್ಲೇರ್ ಮಾಡದೇ ಇಳಿದಿದ್ದಕ್ಕಿಂತ ನಾಲ್ಕು ಪಟ್ಟು ಮೀರುತ್ತದೆ. ಚಕ್ರದ ಕಾಲು ಮುರಿಯುವುದು, ಪ್ರೊಪೆಲರ್ ನೆಲಕ್ಕೆ ತಾಗುವುದು ಇಂಥ ಹೊತ್ತಲ್ಲೇ.

ಅದಕ್ಕೇ ಕಲಿಯುವವರಿಗೆ ಹೇಳಿಕೊಡುವ ಪಾಠ ‘ಗೋ ಅರೌಂಡ್’. ಅನುಮಾನ ಬಂತೋ, ಇಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟು ಮೇಲೇರು, ಇನ್ನೊಂದು ಸುತ್ತು ಬಾ. ಇದರಲ್ಲಿ ನಾಚಿಕೆ ಏನೂ ಇಲ್ರಿ. ನಾಳೆ ನಮ್ಮಲ್ಲಿ ಯಾರೋ ಸೇತುವೆ ಕಟ್ಟುತ್ತೇವೆ, ಯಾರೋ ಬ್ರೇಕಿನ ಕೋಡ್ ಬರೆಯುತ್ತೇವೆ. ‘ನೋಡಿದ್ರೆ ಸರಿ ಅನಿಸ್ತದ’ ಅಂದಾಗಲೇ ಮೀಟರ್ ಕಡೆ ಒಮ್ಮೆ ಕಣ್ಣು ಹಾಯಿಸುವ ಅಭ್ಯಾಸ ನಮಗೂ ಬೇಕು.